ಇಡೀ ಓಟ ಮುಂದಿದ್ದವನು ಕಡೆಗೆ ನಾಲ್ಕನೆಯವನಾಗುವುದು ಯಾಕೆ?

ಪ್ರಶ್ನೆ: ಸರ್, ನಾವು ಕುಮಟಾ ಕಡೆಯವರು. ನನ್ನ ತಮ್ಮ ಪಿಯುಸಿ ಎರಡನೇ ವರ್ಷ, 1500 ಮೀಟರ್ ಓಡುತ್ತಾನೆ. ಕಳೆದ ಸಲ ಶಿರಸಿಯಲ್ಲಿ ನಡೆದ ಕೂಟದಲ್ಲಿ ಶುರುವಿನಿಂದ ಅವನೇ ಮುಂದಿದ್ದ. ಕಡೆಯಲ್ಲಿ ಮೂವರು ದಾಟಿ ಹೋದರು, ನಾಲ್ಕನೆಯವನಾದ. ಸಮಯ 4:25. ಮೊಬೈಲಿನಲ್ಲಿ ನಾನೇ ಲೆಕ್ಕ ಹಿಡಿದಿದ್ದೆ: ಮೊದಲ 400 ಮೀಟರಿಗೆ 64 ಸೆಕೆಂಡ್, ಆಮೇಲೆ 69, ಆಮೇಲೆ 75, ಕಡೆಯ 300ಕ್ಕೆ 57. ಬರೀ 400 ಓಡಿದರೆ 59ರಲ್ಲಿ ಮುಗಿಸುತ್ತಾನೆ. ಮೈದಾನ 200 ಮೀಟರ್ ಸುತ್ತಿನದು, ಮಣ್ಣಿನದು. ಪ್ಯಾರಿಸ್ ಒಲಿಂಪಿಕ್ಸ್‌ನ 1500 ಫೈನಲ್ ವಿಡಿಯೊ ನೋಡಿದೆವು, ಅಲ್ಲಿ ಇಂಗೆಬ್ರಿಗ್ಟ್ಸನ್‌ಗೂ ಅದೇ ಗತಿ. ಪಿ.ಟಿ. ಮಾಸ್ತರು ‘ಹೆದರಬೇಡ, ಮುಂದೆ ಹೋಗಿ ಎಳಿ’ ಅಂತಾರೆ. ನನಗೆ ಹಿಂದೆ ಇರುವುದೇ ಸರಿ ಅನ್ನಿಸುತ್ತದೆ. ಯಾರು ಸರಿ? ಮತ್ತೆ ಟೋಕಿಯೊದಲ್ಲಿ 3:34ಕ್ಕೇ ಚಿನ್ನ ಸಿಕ್ಕಿದ್ದು ಹೇಗೆ? ಘಟ್ಟದ ಮೇಲಿನ ಹುಡುಗರಿಗೆ ದಮ್ಮು ಜಾಸ್ತಿ ಅಂತಾರೆ, ನಿಜವಾ? ತಮ್ಮನಿಗೆ ಸ್ಪೈಕ್ಸ್ (ಮೊಳೆಯ ಬೂಟು) ಕೊಡಿಸಬೇಕಾ?

ಉತ್ತರ: ಸುತ್ತುಗಳ ಸಮಯ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯ್ತು. ‘ಚೆನ್ನಾಗಿ ಓಡ್ತಾನೆ ಸರ್, ಆದರೂ ಸೋಲ್ತಾನೆ’ ಅಂತ ಮಾತ್ರ ಬರೆದಿದ್ದರೆ ನಾನು ಸುಮ್ನೆ ಏನೋ ಹೇಳಬೇಕಾಗುತ್ತಿತ್ತು. ಈಗ ಹೇಳಬಹುದು. ನಿಮ್ಮ ತಮ್ಮ ಸೋತಿದ್ದು ಮುಂದೆ ಓಡಿದ್ದಕ್ಕಲ್ಲ, ಮೊದಲ 400 ಮೀಟರನ್ನು 64ರಲ್ಲಿ ಓಡಿದ್ದಕ್ಕೆ. 4:25 ಅಂದರೆ ಸರಾಸರಿ 400ಕ್ಕೆ ಹೆಚ್ಚುಕಮ್ಮಿ 71 ಸೆಕೆಂಡ್. ಶುರುವಿನಲ್ಲೇ ಅದಕ್ಕಿಂತ 7 ಸೆಕೆಂಡ್ ಬೇಗ ಓಡಿದ್ದಾನೆ. ಕಡೆಯ 300ಕ್ಕೆ 57 ಅಂದರೆ 400ಕ್ಕೆ 76ರ ವೇಗ. ಎಲ್ಲರೂ ವೇಗ ಹೆಚ್ಚಿಸುವ ಹೊತ್ತಿಗೆ ಇವನದು ಇಳಿದಿದೆ. ಆ ಮೂವರು ಹಾರಿ ಬಂದರು ಅಂತ ನಿಮಗೆ ಕಂಡಿರಬಹುದು, ಅವರು ಬಹುಶಃ ತಮ್ಮ ವೇಗದಲ್ಲೇ ಇದ್ದರು, ನಿಮ್ಮ ತಮ್ಮ ನಿಂತುಹೋದ, ಅಷ್ಟೇ.

ಇದಕ್ಕೆ ಕಾರಣ ಸರಳ. ನಮ್ಮ ಮೈಯಲ್ಲಿ ಎರಡು ರೀತಿಯಲ್ಲಿ ಶಕ್ತಿ ಹುಟ್ಟುತ್ತದೆ. ಒಂದು, ಉಸಿರಿನ ಆಮ್ಲಜನಕ ಬಳಸಿಕೊಂಡು. ಅದು ಬಹಳ ಹೊತ್ತು ಸಿಗುತ್ತದೆ, ಆದರೆ ಪೂರ್ತಿ ಶುರುವಾಗಲು ಒಂದು ನಿಮಿಷದ ಮೇಲೆ ಬೇಕು. ಇನ್ನೊಂದು, ಆಮ್ಲಜನಕಕ್ಕೆ ಕಾಯದೆ ತಕ್ಷಣ ಸಿಗುವುದು. ಅದು ಜೋರಾಗಿದೆ, ಆದರೆ ಸ್ವಲ್ಪವೇ ಇದೆ. 1500 ಮೀಟರಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮೊದಲನೆಯದೇ ದುಡಿಯುತ್ತದೆ. ಎರಡನೆಯದು ಒಂದು ಓಟಕ್ಕೆ ಇಷ್ಟೇ ಅಂತ ಇರುತ್ತದೆ. ಶುರುವಿನಲ್ಲಿ ಖರ್ಚು ಮಾಡಿದರೂ ಅಷ್ಟೇ, ಕಡೆಯಲ್ಲಿ ಮಾಡಿದರೂ ಅಷ್ಟೇ. ಶುರುವಿನಲ್ಲೇ ಮುಗಿಸಿದರೆ ಕಾಲು ಬಿಗಿದುಕೊಂಡು ಉಳಿದ ಎರಡು ನಿಮಿಷ ನರಳಿಕೊಂಡು ಓಡಬೇಕು. ಅಂತರರಾಷ್ಟ್ರೀಯ ಫೈನಲ್‌ನಲ್ಲಿ ನಡೆಯುವುದೂ ಇದೇ ಜಗಳ. ಯಾರು ತಮ್ಮದನ್ನು ಎಲ್ಲಿ ಖರ್ಚು ಮಾಡುತ್ತಾರೆ, ಆ ಹೊತ್ತಿಗೆ ಯಾವ ಜಾಗದಲ್ಲಿ ಇರುತ್ತಾರೆ ಅನ್ನುವುದು.

ಈಗ ಪ್ಯಾರಿಸ್‌ಗೆ ಬರೋಣ. 2024ರ ಆಗಸ್ಟ್ 6. ನಾರ್ವೆಯ ಯಾಕೊಬ್ ಇಂಗೆಬ್ರಿಗ್ಟ್ಸನ್ ಹಿಂದಿನ ಒಲಿಂಪಿಕ್ಸ್ ಚಾಂಪಿಯನ್. ಅದಕ್ಕೆ ಮೂರೂವರೆ ವಾರ ಮೊದಲು ಮೊನಾಕೊದಲ್ಲಿ 3:26.73 ಓಡಿ ಯುರೋಪಿನ ದಾಖಲೆ ಮಾಡಿದ್ದ. ವಿಶ್ವದಾಖಲೆ ಮೊರಾಕೊದ ಹಿಶಾಮ್ ಎಲ್ ಗೆರೂಜ್ 1998ರಲ್ಲಿ ರೋಮ್‌ನಲ್ಲಿ ಓಡಿದ 3:26.00, ಇವತ್ತಿಗೂ ಅದೇ ಉಳಿದಿದೆ. ಅಂದರೆ ಪ್ಯಾರಿಸ್‌ನಲ್ಲಿ ಗೆರೆ ಮೇಲೆ ನಿಂತವರಲ್ಲಿ ಕಾಗದದ ಮೇಲೆ ಇವನೇ ವೇಗದವನು. ಮೊದಲ 400 ಮೀಟರನ್ನು 55 ಸೆಕೆಂಡಿಗೂ ಕೊಂಚ ಕಮ್ಮಿಯಲ್ಲಿ ಎಳೆದ. ಎಲ್ ಗೆರೂಜ್ ದಾಖಲೆಯ ಸರಾಸರಿಯೂ 400ಕ್ಕೆ 55ರ ಹತ್ತಿರವೇ. ಅಂದರೆ ಒಲಿಂಪಿಕ್ಸ್ ಫೈನಲ್‌ನಲ್ಲಿ, ಎಳೆಯಲು ಯಾರೂ ಇಲ್ಲದೆ, ವಿಶ್ವದಾಖಲೆಯ ವೇಗದಲ್ಲಿ ಒಬ್ಬನೇ ಹೊರಟ. ಎಲ್ಲರ ಕಾಲು ಸೋಲಿಸಿಬಿಡುತ್ತೇನೆ, ಕಡೆಯಲ್ಲಿ ಜಿಗಿಯಲು ಯಾರಲ್ಲೂ ಏನೂ ಉಳಿಯಬಾರದು ಅನ್ನುವುದು ಅವನ ಲೆಕ್ಕ.

ಲೆಕ್ಕ ಪೂರ್ತಿ ತಪ್ಪಲ್ಲ, ಇದನ್ನು ಯಾರೂ ಹೇಳುವುದಿಲ್ಲ. ಹಿಂದಿದ್ದ ಬಹಳ ಜನ ನಿಜಕ್ಕೂ ಸತ್ತುಹೋದರು. ಮೂವರು ಸಾಯಲಿಲ್ಲ. ಕಡೆಯ ತಿರುವು ಮುಗಿಯುವಾಗ ಬ್ರಿಟನ್ನಿನ ಜೋಶ್ ಕೆರ್ ಹೊರಗಿನಿಂದ ಬಂದ. ಇಂಗೆಬ್ರಿಗ್ಟ್ಸನ್ ಅವನನ್ನು ತಡೆಯಲು ಹೋಗಿ ಒಳಅಂಚಿನಿಂದ ಒಂಚೂರು ಹೊರಗೆ ಸರಿದ. ಅಮೆರಿಕದ ಕೋಲ್ ಹಾಕರ್ ಅಷ್ಟರಲ್ಲಿ ಒಂದು ಸಲ ಒಳಗಿಂದ ನುಗ್ಗಲು ನೋಡಿ ದಾರಿ ಸಿಗದೆ ಹಿಂದೆ ಸರಿದಿದ್ದ. ಮತ್ತೆ ಸಂದು ತೆರೆಯಿತು, ಈ ಸಲ ನುಗ್ಗಿದ. 3:27.65, ಒಲಿಂಪಿಕ್ಸ್ ದಾಖಲೆ. ಕೆರ್ 3:27.79, ಅಮೆರಿಕದವನೇ ಆದ ಯಾರೆಡ್ ನುಗೂಸೆ 3:27.80, ಇಂಗೆಬ್ರಿಗ್ಟ್ಸನ್ 3:28.24. ಗಮನಿಸಿ, ನಾಲ್ಕನೆಯವನಾದ ಇವನ ಸಮಯವೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವನೇ ಮಾಡಿದ್ದ ಹಳೆಯ ಒಲಿಂಪಿಕ್ಸ್ ದಾಖಲೆಗಿಂತ ಬೇಗ. ಟೋಕಿಯೊದಲ್ಲಿ 3:28.32ಕ್ಕೆ ಚಿನ್ನ, ಪ್ಯಾರಿಸ್‌ನಲ್ಲಿ ಅದಕ್ಕಿಂತ ಬೇಗ ಓಡಿ ಬರಿಗೈ! ಓಟ ಮುಗಿದ ಮೇಲೆ ಶುರುವಿನ ವೇಗ ಹೆಚ್ಚಾಯ್ತು ಅಂತ ಅವನೇ ಒಪ್ಪಿಕೊಂಡ.

ಇದು ಅವನಿಗೆ ಮೊದಲ ಸಲವೂ ಅಲ್ಲ. 2022ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬ್ರಿಟನ್ನಿನ ಜೇಕ್ ವೈಟ್‌ಮನ್ ಕಡೆಯ 200 ಮೀಟರಿನಲ್ಲಿ ಅವನನ್ನು ದಾಟಿದ, 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಕೆರ್ ದಾಟಿದ. ಮೂರು ವರ್ಷ, ಮೂರು ಫೈನಲ್, ಒಂದೇ ಕಥೆ. ತಮಾಷೆ ಏನಂದರೆ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವನು ಚಿನ್ನ ಗೆದ್ದಾಗ ಮುಂದೆ ಎಳೆಯುತ್ತಿದ್ದವನು ಕೀನ್ಯಾದ ಟಿಮೊಥಿ ಚೆರುಯೊಟ್, ಬೆನ್ನಿಗೆ ಅಂಟಿಕೊಂಡು ಕಡೆಯಲ್ಲಿ ದಾಟಿದವನು ಇದೇ ಇಂಗೆಬ್ರಿಗ್ಟ್ಸನ್.

ಹಾಗಾದರೆ ಮೊನಾಕೊದಲ್ಲಿ ಗೆದ್ದವನು ಪ್ಯಾರಿಸ್‌ನಲ್ಲಿ ಯಾಕೆ ಸೋತ? ಮೊನಾಕೊದಂಥ ಡೈಮಂಡ್ ಲೀಗ್ ಓಟದಲ್ಲಿ ಪೇಸರ್‌ಗಳಿರುತ್ತಾರೆ. ದುಡ್ಡು ಪಡೆದು ಮೊದಲ ಎರಡು ಎರಡೂವರೆ ಸುತ್ತು ಹೇಳಿದ ವೇಗದಲ್ಲಿ ಎಳೆದು, ಪಕ್ಕಕ್ಕೆ ಸರಿದುಬಿಡುತ್ತಾರೆ. ಟ್ರ್ಯಾಕಿನ ಒಳಅಂಚಿನಲ್ಲಿ ಓಡುವ ದೀಪಗಳೂ ಇರುತ್ತವೆ, ವೇಗ ತೋರಿಸಲಿಕ್ಕೆ. ಚಾಂಪಿಯನ್‌ಷಿಪ್‌ನಲ್ಲಿ ಪೇಸರ್ ಇಲ್ಲ, ದೀಪ ಇಲ್ಲ. ಗಾಳಿ ಸೀಳುವುದು, ವೇಗ ನೋಡಿಕೊಳ್ಳುವುದು ಎರಡೂ ಮುಂದಿದ್ದವನ ತಲೆಗೇ ಬೀಳುತ್ತವೆ. ಗಾಳಿ ಏನು ಮಹಾ ಅಂತ ನಿಮಗೆ ಅನ್ನಿಸಿದರೆ ತಮ್ಮನನ್ನು ಮಧ್ಯಾಹ್ನದ ಮೇಲೆ ಬಾಡ ಅಥವಾ ಧಾರೇಶ್ವರದ ಕಡಲತೀರಕ್ಕೆ ಕರೆದುಕೊಂಡು ಹೋಗಿ. ಗಾಳಿಗೆ ಮುಖ ಮಾಡಿ ಒಂದು ಸಲ ಅವನೇ ಮುಂದೆ 600 ಮೀಟರ್ ಓಡಲಿ, ಸುಧಾರಿಸಿಕೊಂಡು ಇನ್ನೊಂದು ಸಲ ಗೆಳೆಯನ ಬೆನ್ನ ಹಿಂದೆ ಒಂದು ಮೀಟರಿನಲ್ಲಿ ಅದೇ ವೇಗದಲ್ಲಿ ಓಡಲಿ. ನಾನು ಹೇಳುವುದಕ್ಕಿಂತ ಅವನ ಎದೆಬಡಿತ ಚೆನ್ನಾಗಿ ಹೇಳುತ್ತದೆ.

ಇನ್ನು ಟೋಕಿಯೊದ 3:34. ನೀವು ಹೇಳಿದ್ದು 2025ರ ವಿಶ್ವ ಚಾಂಪಿಯನ್‌ಷಿಪ್. ಪೋರ್ಚುಗಲ್ಲಿನ ಇಸಾಕ್ ನಾಡೆರ್ 3:34.10ಕ್ಕೆ ಗೆದ್ದ, ವೈಟ್‌ಮನ್ 3:34.12. ಇಬ್ಬರ ನಡುವೆ ಸೆಕೆಂಡಿನ ನೂರರಲ್ಲಿ ಎರಡು ಭಾಗ. ಆ ಸಮಯಕ್ಕೆ ಪ್ಯಾರಿಸ್‌ನಲ್ಲಿ ಪದಕದ ಹತ್ತಿರವೂ ಸುಳಿಯಲಾಗುತ್ತಿರಲಿಲ್ಲ. ಕಾರಣ, ಟೋಕಿಯೊದಲ್ಲಿ ಪ್ಯಾರಿಸ್‌ನ ಹಾಗೆ ಮೊದಲಿಂದ ಎಳೆಯುವವನು ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡು ಬಂದಿದ್ದ ಇಂಗೆಬ್ರಿಗ್ಟ್ಸನ್ ಹೀಟ್ಸ್‌ನಲ್ಲೇ, ಅಂದರೆ ಮೊದಲ ಹಂತದ ಓಟದಲ್ಲೇ, ಹೊರಬಿದ್ದಿದ್ದ. ಹಾಕರ್ ಸೆಮಿಫೈನಲ್‌ನಲ್ಲಿ ಪಕ್ಕದವರನ್ನು ತಳ್ಳಿ ದಾರಿ ಮಾಡಿಕೊಂಡ ಅಂತ ಅನರ್ಹನಾದ. ಸಿಟ್ಟೋ ಏನೋ, ಅದೇ ಕೂಟದಲ್ಲಿ 5000 ಮೀಟರ್ ಚಿನ್ನ ಹೊಡೆದ. ಪ್ಯಾರಿಸ್‌ನಲ್ಲಿ ಒಳಗಿನ ಸಂದು ತೆರೆಯಿತು, ಟೋಕಿಯೊದಲ್ಲಿ ತೆರೆಯಲಿಲ್ಲ. ಒಳಅಂಚಿನಲ್ಲಿ ಕಾಯುವವನಿಗೆ ಈ ಅಪಾಯ ಯಾವಾಗಲೂ ಇದ್ದದ್ದೇ.

ಇನ್ನೂ ನಿಧಾನದ್ದು ಬೇಕಾದರೆ 2016ರ ರಿಯೊ ನೋಡಿ. ಅಮೆರಿಕದ ಮ್ಯಾಥ್ಯೂ ಸೆಂಟ್ರೊವಿಟ್ಜ್ 3:50.00ಕ್ಕೆ ಚಿನ್ನ ಗೆದ್ದ. 800 ಮೀಟರ್ ದಾಟುವಾಗ ಗಡಿಯಾರದಲ್ಲಿ 2:16ರ ಮೇಲೆ, ನಮ್ಮ ಜಿಲ್ಲೆಯ ಒಳ್ಳೆಯ ಕಾಲೇಜು ಹುಡುಗ ಅಲ್ಲಿಯವರೆಗೆ ಆರಾಮಾಗಿ ಜೊತೆಗಿರುತ್ತಿದ್ದ. ಕಡೆಯ 400 ಮಾತ್ರ 51 ಸೆಕೆಂಡಿನ ಒಳಗೆ, ಅಲ್ಲಿ ನಮ್ಮ ಹುಡುಗನ ಕಥೆ ಮುಗಿಯುತ್ತಿತ್ತು ಬಿಡಿ. ಅದೇ ರಿಯೊದ ಪ್ಯಾರಾಲಿಂಪಿಕ್ಸ್‌ನಲ್ಲಿ ದೃಷ್ಟಿದೋಷ ಇರುವವರ ಟಿ13 ವಿಭಾಗದ 1500ರಲ್ಲಿ ಅಲ್ಜೀರಿಯಾದ ಅಬ್ದೆಲ್ಲತೀಫ್ ಬಾಕಾ 3:48.29 ಓಡಿದ. ಅವನೊಬ್ಬನೇ ಅಲ್ಲ, ಮೊದಲ ನಾಲ್ವರೂ ಸೆಂಟ್ರೊವಿಟ್ಜ್‌ಗಿಂತ ಬೇಗ ಮುಗಿಸಿದರು. ಸೆಂಟ್ರೊವಿಟ್ಜ್ ಕಮ್ಮಿ ಓಟಗಾರ ಅಂತಲ್ಲ. ಅವನು ರಿಯೊದಲ್ಲಿ ಮುಂದೆಯೇ ಇದ್ದ, ಮುಂದೆ ಇದ್ದುಕೊಂಡೇ ವೇಗ ಕಟ್ಟಿಹಾಕಿದ. ಒಳಗಿನ ಲೇನ್ ತನ್ನದು, ದಾಟಬೇಕಾದವರು ಹೊರಗಿನಿಂದ ಜಾಸ್ತಿ ದೂರ ಓಡಿ ಬರಬೇಕು. ಮುಂದೆ ಇರುವುದು ಬೇರೆ, ಮುಂದೆ ಎಳೆಯುವುದು ಬೇರೆ. ನಿಮ್ಮ ಮಾಸ್ತರು ಮತ್ತು ನೀವು ವಾದ ಮಾಡುತ್ತಿರುವುದು ಬಹುಶಃ ಈ ಎರಡನ್ನು ಕಲಸಿಕೊಂಡು.

‘ಜಾಸ್ತಿ ದೂರ’ ಅಂದೆನಲ್ಲ, ಅದರ ಲೆಕ್ಕ ಹಾಕೋಣ. ನನ್ನ ಪ್ರಕಾರ ನಿಮ್ಮ ತಮ್ಮನಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಇದೇ. ಒಂದು ಲೇನಿನ ಅಗಲ 1.22 ಮೀಟರ್. ಒಂದು ಅರ್ಧವೃತ್ತದ ತಿರುವನ್ನು ಒಂದು ಲೇನ್ ಹೊರಗೆ ಓಡಿದರೆ 3.8 ಮೀಟರ್ ಹೆಚ್ಚು ಓಡುತ್ತೀರಿ. 400 ಮೀಟರ್ ಟ್ರ್ಯಾಕಿನಲ್ಲಿ 1500 ಅಂದರೆ ಏಳು ತಿರುವು. ಇಡೀ ಓಟ ಎರಡನೇ ಲೇನಿನಲ್ಲಿ ಕಳೆದರೆ ಹತ್ತಿರಹತ್ತಿರ 27 ಮೀಟರ್ ದಂಡ. ಪ್ಯಾರಿಸ್‌ನಲ್ಲಿ ಮೊದಲನೆಯವನಿಗೂ ನಾಲ್ಕನೆಯವನಿಗೂ ಇದ್ದ ಅಂತರ ಸುಮಾರು ನಾಲ್ಕು ಮೀಟರ್! ಈಗ ನಿಮ್ಮ 200 ಮೀಟರ್ ಮೈದಾನಕ್ಕೆ ಬನ್ನಿ. ಸುತ್ತು ಚಿಕ್ಕದಾದರೂ ಪ್ರತಿ ತಿರುವಿನ ದಂಡ ಅದೇ 3.8 ಮೀಟರ್, ಕಮ್ಮಿ ಆಗುವುದಿಲ್ಲ. ತಿರುವು ಮಾತ್ರ ಏಳರ ಬದಲು ಹದಿನೈದು. ಒಟ್ಟು 57 ಮೀಟರ್. ನಿಮ್ಮ ತಮ್ಮನ ವೇಗದಲ್ಲಿ ಅದು 10 ಸೆಕೆಂಡ್! ಹಾಗಾಗಿ ನಮ್ಮ ಸುಣ್ಣದ ಗೆರೆಯ ಮೈದಾನಗಳಲ್ಲಿ ‘ಹಿಂದೆ ಇರು’ ಅನ್ನುವ ಸಲಹೆಯನ್ನು ಸುಮ್ನೆ ಪಾಲಿಸಿದರೆ ಗುಂಪಿನ ಹೊರಗೆ ಹೊರಗೇ ಓಡಿ, ದಮ್ಮು ಉಳಿಸಿಕೊಳ್ಳುವ ಬದಲು ಕಳೆದುಕೊಳ್ಳುತ್ತಾನೆ. ತಿರುವಿನಲ್ಲಿ ಯಾರನ್ನೂ ದಾಟಬಾರದು. ನೇರ ದಾರಿಯಲ್ಲಿ ಮಾತ್ರ ದಾಟಬೇಕು, ಅದೂ ಒಂದೇ ಏಟಿಗೆ.

ಮುಂದೆ ಎಳೆಯುವುದು ಯಾವಾಗಲೂ ದಡ್ಡತನ ಅಂತ ಮಾತ್ರ ತಿಳಿಯಬೇಡಿ. 2012ರ ಲಂಡನ್‌ನಲ್ಲಿ ಕೀನ್ಯಾದ ಡೇವಿಡ್ ರುಡಿಶಾ 800 ಮೀಟರನ್ನು ಶುರುವಿನಿಂದ ಕೊನೆಯವರೆಗೆ ಮುಂದೆಯೇ ಓಡಿ 1:40.91ರ ವಿಶ್ವದಾಖಲೆ ಮಾಡಿದ. ಮೊದಲ ಸುತ್ತು 49.28. 800ರಲ್ಲಿ ಮೊದಲ ಸುತ್ತೇ ಬೇಗ ಇರುವುದು ಮಾಮೂಲು, ಓಟ ಅಷ್ಟು ಚಿಕ್ಕದು. 1500ಕ್ಕೆ ಆ ಲೆಕ್ಕ ತರಬಾರದು, ನಮ್ಮ ಹುಡುಗರು ಎರಡನ್ನೂ ಓಡುವುದರಿಂದ ಇಲ್ಲೇ ಎಡವುತ್ತಾರೆ.

ನಮ್ಮವರೇ ಆದ ಶ್ರೀರಾಮ್ ಸಿಂಗ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ 800 ಫೈನಲ್‌ನಲ್ಲಿ ಮೊದಲ 400 ಮೀಟರನ್ನು 50.85ಕ್ಕೆ ಎಳೆದರು. ಕ್ಯೂಬಾದ ಆಲ್ಬರ್ಟೊ ಹುವಾಂಟೊರೆನಾ ಆ ವೇಗದ ಲಾಭ ಪಡೆದು 1:43.50ರ ವಿಶ್ವದಾಖಲೆಯೊಂದಿಗೆ ಗೆದ್ದ, ಶ್ರೀರಾಮ್ ಏಳನೆಯವರಾದರು. ಎಳೆದಿದ್ದು ವ್ಯರ್ಥವಾಯಿತಾ? ಅವರ 1:45.77 ಭಾರತದ ದಾಖಲೆಯಾಗಿ 42 ವರ್ಷ ನಿಂತಿತು. 2018ರಲ್ಲಿ ಕೇರಳದ ಜಿನ್ಸನ್ ಜಾನ್ಸನ್ 1:45.65 ಓಡಿ ಮುರಿದರು. ಸಮಯ ಬೇಕಾದವನು ಎಳೆಯಲಿ, ಅದರಲ್ಲಿ ಅರ್ಥ ಇದೆ.

ಪದಕ ಬೇಕಾದರೆ ಅದೇ ಜಿನ್ಸನ್ ಕಥೆ ಮುಂದುವರಿಸಿ. ದಾಖಲೆ ಮುರಿದ ಎರಡು ತಿಂಗಳ ನಂತರ ಜಕಾರ್ತಾ ಏಷ್ಯನ್ ಗೇಮ್ಸ್‌ನ 800ರಲ್ಲಿ ಚಿನ್ನ ಅವರದೇ ಅಂತ ಎಲ್ಲರ ಅಂದಾಜು. ಕಡೆಯ ನೇರ ದಾರಿಯವರೆಗೆ ಹಿಂದೆ ಇದ್ದ ಮಂಜಿತ್ ಸಿಂಗ್ ಹೊರಗಿನಿಂದ ಬಂದು 1:46.15ಕ್ಕೆ ಚಿನ್ನ ಒಯ್ದರು, ಜಿನ್ಸನ್‌ಗೆ 1:46.35, ಬೆಳ್ಳಿ. ಎರಡು ದಿನ ಬಿಟ್ಟು 1500. ಅಲ್ಲಿ ಜಿನ್ಸನ್ 3:44.72ಕ್ಕೆ ಚಿನ್ನ ಗೆದ್ದರು, ಮಂಜಿತ್‌ಗೆ ಪದಕವಿಲ್ಲ. ಅದೇ ವರ್ಷದ ಕಾಮನ್‌ವೆಲ್ತ್ ಕೂಟದಲ್ಲಿ ಜಿನ್ಸನ್ 3:37.86 ಓಡಿ ಐದನೆಯವರಾಗಿದ್ದರು. ಏಳು ಸೆಕೆಂಡ್ ನಿಧಾನ ಓಡಿ ಚಿನ್ನ, ಬೇಗ ಓಡಿ ಐದನೇ ಜಾಗ. ಚಾಂಪಿಯನ್‌ಷಿಪ್ ಅಂದರೆ ಹೀಗೇ ಮಾರಾಯ್ರೇ.

ಈಗ ನಿಮ್ಮ ತಮ್ಮನಿಗೆ ಏನು ಮಾಡುವುದು. 400 ಮೀಟರನ್ನು 59ರಲ್ಲಿ ಓಡುವವನಿಗೆ 4:25 ಕಮ್ಮಿಯೇ ಆಯಿತು. ಅಂದರೆ ವೇಗ ಇದೆ, ದಮ್ಮು ಸಾಲದು. ಮುಂದಿನ ಕೂಟಕ್ಕೆ ಮಾಡಬಹುದಾದ್ದು ಇಷ್ಟು: ಮೊದಲ 200 ಮೀಟರ್ ಎಲ್ಲರೂ ಹುಚ್ಚರ ಹಾಗೆ ಹಾರುತ್ತಾರೆ, ಹಾರಲಿ, ಇವನು ಒಳಅಂಚು ಹಿಡಿದು ಐದನೆಯವನೋ ಆರನೆಯವನೋ ಆಗಿ 35 ಸೆಕೆಂಡಿಗೆ ಮೊದಲ ಸುತ್ತು ಮುಗಿಸಲಿ. ಪ್ರತಿ ಸುತ್ತೂ 35. ನೀವು ಗೆರೆ ಹತ್ತಿರ ನಿಂತು ಕೂಗಿ ಹೇಳಿ. ಹಾಗೆ ಓಡಿದರೆ 4:22 ಆಸುಪಾಸು ಬರುತ್ತದೆ, ಹೊಸ ತರಬೇತಿ ಏನೂ ಇಲ್ಲದೆ. ಎರಡು ಸುತ್ತು ಉಳಿದಾಗ ಮೊದಲ ಮೂವರಲ್ಲಿ ಇರಬೇಕು, ಯಾಕೆಂದರೆ ಆ ಚಿಕ್ಕ ಸುತ್ತಿನಲ್ಲಿ ನೇರ ದಾರಿ ಅನ್ನುವುದೇ ಸ್ವಲ್ಪ, ಕಡೆಯಲ್ಲಿ ನಾಲ್ವರನ್ನು ದಾಟಲು ಜಾಗ ಸಿಗುವುದಿಲ್ಲ. ಮೂರನೆಯವನಾಗಿದ್ದಾಗ ಮುಂದಿನವನ ಬಲ ಭುಜದ ಹಿಂದೆ ಅರ್ಧ ಹೆಜ್ಜೆ ಹೊರಗೆ ಇರಲಿ, ನೇರ ಬೆನ್ನಿಗೆ ಅಂಟಿಕೊಂಡರೆ ಪಕ್ಕದವನು ಬಂದು ಬಾಕ್ಸ್ ಮಾಡಿಬಿಡುತ್ತಾನೆ, ಅಂದರೆ ಹೊರಗೆ ಬರಲು ದಾರಿ ಇಲ್ಲದ ಹಾಗೆ ಕಟ್ಟಿಹಾಕುತ್ತಾನೆ. ಮಾಸ್ತರ ಮಾತು ಕೇಳಬೇಕಾದ್ದು ಒಂದು ಸಂದರ್ಭದಲ್ಲಿ. ವೇಗ ತೀರಾ ಸತ್ತು, ಸುತ್ತಿಗೆ 38, 39 ಆಗುತ್ತಿದ್ದರೆ ಆಗ ಮುಂದೆ ಹೋಗಲಿ, ಹೋಗಿ ಒಳಗಿನ ಲೇನ್ ತನ್ನದು ಮಾಡಿಕೊಳ್ಳಲಿ.

ಅಭ್ಯಾಸಕ್ಕೆ ಬಂದರೆ, ವಾರದಲ್ಲಿ ನಾಲ್ಕು ದಿನ ಮಾತಾಡುತ್ತಾ ಓಡಬಹುದಾದ ವೇಗದಲ್ಲಿ ಮುಕ್ಕಾಲು ಗಂಟೆ. ಇದು ಬೇಜಾರಿನ ಕೆಲಸ, ಆದರೆ ಅವನಿಗೆ ಕೊರತೆ ಇರುವುದೇ ಇಲ್ಲಿ. ಒಂದು ದಿನ 1000 ಮೀಟರ್ ಸ್ಪರ್ಧೆಯ ವೇಗದಲ್ಲಿ, ಒಂದು ನಿಮಿಷ ಬಿಟ್ಟು 300 ಮೀಟರ್ ಪೂರ್ತಿ ಜೋರಾಗಿ, ಚೆನ್ನಾಗಿ ಸುಧಾರಿಸಿಕೊಂಡು ಇನ್ನೊಮ್ಮೆ. ಸುಸ್ತಾದ ಕಾಲಿನಲ್ಲಿ ಜಿಗಿಯಲು ಕಲಿಯುವುದು ಹೀಗೆ. ಕಡಲತೀರ ಹತ್ತಿರ ಇದೆ ಅಂತ ಒಣ ಮರಳಿನಲ್ಲಿ ದಿನಾ ಓಡಿಸಬೇಡಿ, ಹಿಮ್ಮಡಿಯ ಮೇಲಿನ ನರ ಹಿಡಿದುಕೊಳ್ಳುತ್ತದೆ. ಕಾರವಾರದ ಠಾಗೋರ್ ತೀರದಲ್ಲಿ ನಮ್ಮ ಹುಡುಗರನ್ನು ನೀರು ಇಳಿದ ಹೊತ್ತಿನಲ್ಲಿ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಓಡಿಸುತ್ತೇನೆ, ಹೋಗುವಾಗ ಬರುವಾಗ ಎರಡೂ ಕಡೆ ಸಮ ದೂರ. ತೀರ ಇಳಿಜಾರಾಗಿರುವುದರಿಂದ ಒಂದೇ ಕಡೆ ಓಡಿದರೆ ಒಂದೇ ಕಾಲಿಗೆ ಭಾರ. ಯೂಟ್ಯೂಬ್‌ನಲ್ಲಿ ಇಂಗೆಬ್ರಿಗ್ಟ್ಸನ್ ಅಣ್ಣತಮ್ಮಂದಿರು ಬೆಳಿಗ್ಗೆ ಸಂಜೆ ಎರಡು ಹೊತ್ತು ಕಿವಿ ಚುಚ್ಚಿ ರಕ್ತದ ಲ್ಯಾಕ್ಟೇಟ್ (ಜೋರಾಗಿ ಓಡಿದಷ್ಟೂ ರಕ್ತದಲ್ಲಿ ಹೆಚ್ಚುವ ಅಂಶ) ನೋಡಿಕೊಂಡು ಓಡುವ ವಿಡಿಯೊ ಇವೆ, ನೋಡಿ ಖುಷಿಪಡಿ, ಹದಿನೇಳರ ಹುಡುಗನಿಗೆ ಮಾಡಿಸಬೇಡಿ.

ಘಟ್ಟದ ಮೇಲಿನವರ ದಮ್ಮಿನ ವಿಷಯ ಬರೀ ಮಾತು. ಶಿರಸಿ ಸಮುದ್ರಮಟ್ಟದಿಂದ 600 ಮೀಟರ್ ಆಸುಪಾಸು. ಕೀನ್ಯಾದ ಓಟಗಾರರ ಊರು ಇಟೆನ್ ಸುಮಾರು 2400 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳುವಾಗಿ ರಕ್ತದಲ್ಲಿ ಬದಲಾವಣೆ ಆಗಲು ಅಂಥ ಎತ್ತರ ಬೇಕು. ಶಿರಸಿ, ಯಲ್ಲಾಪುರ ಕಡೆಯ ಮಕ್ಕಳಿಗೆ ಏನಾದರೂ ಲಾಭ ಇದ್ದರೆ ಅದು ದಿನಾ ಏರು ಹತ್ತಿ ಇಳಿದು ಶಾಲೆಗೆ ನಡೆದದ್ದು. ಅದನ್ನು ನೀವೂ ಮಾಡಬಹುದು. ಕುಮಟಾ ಸುತ್ತ ಗುಡ್ಡಕ್ಕೇನು ಬರ, ವಾಹನ ಇಲ್ಲದ ಒಂದು ಏರು ನೋಡಿ 150 ಮೀಟರ್ ಹತ್ತುವುದು, ನಡೆದು ಇಳಿಯುವುದು, ಎಂಟು ಸಲ, ವಾರಕ್ಕೊಮ್ಮೆ. ದೇವಿಮನೆ ಘಟ್ಟದ ರಸ್ತೆಯಲ್ಲಿ ಮಾತ್ರ ಬೇಡ, ಲಾರಿಗಳು ತಿರುವಿನಲ್ಲಿ ಓಟಗಾರರನ್ನು ನೋಡುವುದಿಲ್ಲ.

ಸ್ಪೈಕ್ಸ್ ಕೊಡಿಸಿ, ಆದರೆ ದುಬಾರಿಯದು ಬೇಡ. ನಮ್ಮ ಕೂಟಗಳೆಲ್ಲ ಮಳೆಗಾಲದಲ್ಲೇ ಬರುವುದರಿಂದ ಮಣ್ಣು ಒದ್ದೆ ಇರುತ್ತದೆ, ತಿರುವಿನಲ್ಲಿ ಮಾಮೂಲು ಬೂಟು ಜಾರುತ್ತದೆ. ಬಿಚ್ಚಿ ಹಾಕುವ ಮೊಳೆಯದು ತೆಗೆದುಕೊಳ್ಳಿ. ಮಣ್ಣಿಗೆ 9 ರಿಂದ 12 ಮಿಲಿಮೀಟರ್ ಮೊಳೆ, ಮುಂದೆ ರಾಜ್ಯ ಮಟ್ಟಕ್ಕೆ ಹೋಗಿ ಸಿಂಥೆಟಿಕ್ ಟ್ರ್ಯಾಕ್ ಸಿಕ್ಕರೆ 6 ಮಿಲಿಮೀಟರಿನದು. ಅಲ್ಲಿ 9ಕ್ಕಿಂತ ಉದ್ದ ಇರಬಾರದು ಅಂತ ನಿಯಮವೇ ಇದೆ. ಕೂಟದ ದಿನವೇ ಮೊದಲ ಸಲ ಹಾಕಿಸಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಮೂರು ವಾರ ಮೊದಲಿನಿಂದ ವಾರಕ್ಕೊಂದು ಸಲ 200 ಮೀಟರಿನ ಓಟಗಳಿಗೆ ಹಾಕಿ ರೂಢಿ ಮಾಡಿಸಿ. ಓಡಿ ಬಂದ ಮೇಲೆ ಮೊಳೆ ಬಿಚ್ಚಿ ಒರೆಸಿ ಒಂದು ಹನಿ ಎಣ್ಣೆ ಹಚ್ಚಿಡಿ, ಇಲ್ಲದಿದ್ದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿದು ಮುಂದಿನ ಸಲ ಬಿಚ್ಚಲಿಕ್ಕೇ ಬರುವುದಿಲ್ಲ.